ಹೇಳದೆ ಮರ ಹತ್ತಿದ ಹತ್ತೊಂಬತ್ತು ದಿನ

ಶಿವಮೊಗ್ಗದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಮತ್ತು ನಮ್ಮ ಮಲೆನಾಡಿನ ಅಡಿಕೆ ತೋಟದ ಯಜಮಾನರಿಗೆ,

ನಮಸ್ಕಾರ.

ನಾನು ಹೊಸನಗರ ತಾಲ್ಲೂಕಿನ ಒಬ್ಬ ಕೊನೆಗೌಡ. ಈ ಜಿಲ್ಲೆಗೆ ಹೊಸಬರಾದವರಿಗೆ ಈ ಮಾತು ಗೊತ್ತಿರಲಿಕ್ಕಿಲ್ಲ. ಈ ಮಾತಿನಲ್ಲಿ ಗೌಡ ಅಂದರೆ ಜಾತಿಯೂ ಅಲ್ಲ, ದೊಡ್ಡಸ್ತಿಕೆಯೂ ಅಲ್ಲ. ಅಡಿಕೆ ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವವನು, ಮಳೆಗಾಲದಲ್ಲಿ ಅದೇ ಮರ ಹತ್ತಿ ಔಷಧಿ ಹೊಡೆಯುವವನು ಕೊನೆಗೌಡ. 17ನೇ ವಯಸ್ಸಿಗೆ ಅಪ್ಪನ ಹಿಂದೆ ತೋಟಕ್ಕೆ ಇಳಿದೆ. ಈಗ ನನಗೆ 39.

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ನನಗೆ ಮೂರ್ಛೆರೋಗ ಅಂತ ಗೊತ್ತಾಯಿತು. ಇನ್ನು ಮರ ಹತ್ತಬೇಡ ಅಂತ ಡಾಕ್ಟರು ಹೇಳಿದರು. ನಾನು 19 ದಿನ ಯಾರಿಗೂ ಹೇಳದೆ ಹತ್ತಿದೆ. ಆ 19 ದಿನ ಯಾಕೆ ಸುಮ್ಮನಿದ್ದೆ, 19ನೇ ದಿನ ಮಧ್ಯಾಹ್ನ ಬಾಯಿ ಬಿಟ್ಟ ಮೇಲೆ ಏನಾಯಿತು, ಅದನ್ನು ನಿಮಗೆ ಹೇಳಬೇಕು.

ಮೊದಲನೇ ಸಲ ಬಂದಿದ್ದು ನಿದ್ದೆಯಲ್ಲಿ. ನನಗೆ ಏನೂ ನೆನಪಿಲ್ಲ. ಕೈಕಾಲು ಸೆಟೆದುಕೊಂಡಿತ್ತು, ಗಂಟಲಿಂದ ಗೊರಗೊರ ಸದ್ದು, ಬಾಯಲ್ಲಿ ನೊರೆ ಅಂತ ನನ್ನ ಹೆಂಡತಿ ಹೇಳಿದಳು. ಬೆಳಗ್ಗೆ ಎದ್ದಾಗ ನಾಲಿಗೆ ಕಚ್ಚಿಕೊಂಡು ಊದಿತ್ತು, ಮೈಯೆಲ್ಲ ಯಾರೋ ಹೊಡೆದ ಹಾಗೆ ನೋವು. ಸುಸ್ತಿಗೆ ಹೀಗಾಗಿರಬೇಕು ಅಂದುಕೊಂಡೆವು. ಕೊಯ್ಲಿನ ಕಾಲ, ಹಗಲು ತೋಟ, ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುವ ಮನೆಯಲ್ಲಿ ಕೆಲಸ. ಅಮ್ಮ ಚೌಡಿಗೆ ಹರಕೆ ಹೊತ್ತಳು. ಎರಡನೇ ಸಲ ಬಂದಿದ್ದು ಮಟಮಟ ಮಧ್ಯಾಹ್ನ. ಅಂಗಳದಲ್ಲಿ ಕೂತು ಕೊನೆ ಕತ್ತಿ ಮಸೆಯುತ್ತಿದ್ದೆ. ಕತ್ತಿಯ ಕಡೆಗೆ ಬೀಳದೆ ಈಚೆ ಕಡೆಗೆ ಬಿದ್ದೆ, ಅದೊಂದು ಪುಣ್ಯ. ಪಕ್ಕದ ಮನೆಯವರು ಓಡಿ ಬಂದು ಮೂಗಿಗೆ ಚಪ್ಪಲಿ ಹಿಡಿದರು. ಭಾವ ಕೈಗೆ ಬೀಗದ ಕೈ ಗೊಂಚಲು ತುರುಕಿದ. ಬಾಯಿಗೆ ಚಮಚ ಹಾಕಲು ಹೋಗಿ ಒಂದು ಹಲ್ಲಿನ ತುದಿ ಮುರಿದರು. ಎಲ್ಲರೂ ಒಳ್ಳೇದಕ್ಕೇ ಮಾಡಿದ್ದು. ಯಾರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಶಿವಮೊಗ್ಗದಲ್ಲಿ ತಲೆಗೆಲ್ಲ ವಯರ್ ಅಂಟಿಸಿ ಇಇಜಿ ಮಾಡಿದರು. ಸ್ಕ್ಯಾನ್ ಮಾಡಿದರು. ಡಾಕ್ಟರು ಸ್ಕ್ಯಾನ್ ಹಾಳೆ ಬೆಳಕಿಗೆ ಹಿಡಿದು ಮೆದುಳಿನ ಬಲಗಡೆ ಒಂದು ಬಿಳಿ ಚುಕ್ಕೆ ತೋರಿಸಿದರು. ಎಂದೋ ಹೊಟ್ಟೆಗೆ ಹೋದ ಲಾಡಿಹುಳದ ಮೊಟ್ಟೆ, ಮರಿಯಾಗಿ ರಕ್ತದಲ್ಲಿ ಮೆದುಳಿಗೆ ಹೋಗಿ ಅಲ್ಲಿ ಸತ್ತು ಸುಣ್ಣಗಟ್ಟಿದೆ ಅಂದರು. ನಾನು ಹಂದಿ ಮಾಂಸ ಮುಟ್ಟಿದವನಲ್ಲ ಸ್ವಾಮಿ ಅಂದೆ. ಅದಕ್ಕೆ ಅವರು, ಹೊಟ್ಟೆಯಲ್ಲಿ ಆ ಹುಳ ಇರುವ ಯಾರೋ ಬಯಲಿಗೆ ಹೋಗಿರುತ್ತಾರೆ, ಮೊಟ್ಟೆ ನೀರಿಗೋ ಸೊಪ್ಪಿಗೋ ಸೇರಿರುತ್ತದೆ, ಬರೀ ಸೊಪ್ಪು ತರಕಾರಿ ತಿನ್ನುವವರಿಗೂ ಬರುತ್ತದೆ ಅಂದರು. ನಮ್ಮ ದೇಶದಲ್ಲಿ ಮೂರ್ಛೆರೋಗಕ್ಕೆ ಇದೂ ಒಂದು ದೊಡ್ಡ ಕಾರಣವಂತೆ. ಇಪ್ಪತ್ತು ವರ್ಷ ಅಡಿಕೆಗೆ ಹೊಡೆಯುವ ಬೋರ್ಡೋ ಔಷಧಿಗೆ ಸುಣ್ಣ ಕಲಸಿದ್ದೆ, ಕೊನೆಗೆ ತಲೆಯೊಳಗೂ ಒಂದು ಚಿಟಿಕೆ ಸುಣ್ಣ.

ಲೆವೆಟಿರಾಸೆಟಾಮ್ ಅನ್ನುವ ಮಾತ್ರೆ ಬರೆದರು. ಬೆಳಗ್ಗೆ ಒಂದು, ರಾತ್ರಿ ಒಂದು. ಒಂದು ಹೊತ್ತೂ ತಪ್ಪಿಸಬಾರದು, ನಿದ್ದೆ ಕೆಡಬಾರದು, ಕುಡಿಯಬಾರದು. ಮರ ಹತ್ತಬಾರದು. ಬೈಕ್ ಓಡಿಸಬಾರದು. ಕೆರೆ, ಬಾವಿ, ಬೆಂಕಿ, ತಿರುಗುವ ಮೆಷಿನ್, ಇವುಗಳ ಹತ್ತಿರ ಒಬ್ಬನೇ ಹೋಗಬಾರದು. ‘ಹಾಗಾದ್ರೆ ನನಗೆ ಯಾವ ಕೆಲಸ ಉಳಿಯಿತು ಡಾಕ್ಟ್ರೇ?’ ಅಂತ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಉತ್ತರ ಹೇಳಲಿಲ್ಲ. ಅವರ ಮೇಲೆ ನನಗೆ ಬೇಜಾರಿಲ್ಲ. ಆ ಪ್ರಶ್ನೆಗೆ ಉತ್ತರ ಆಸ್ಪತ್ರೆಯಲ್ಲಿ ಇರಲ್ಲ. ಅದಕ್ಕೇ ನಿಮಗೆ ಬರೆಯುತ್ತಿರುವುದು.

ಬಸ್ಸಿನಲ್ಲಿ ವಾಪಸ್ ಬರುವಾಗ ನಾನೂ ಹೆಂಡತಿಯೂ ಮಾತಾಡಲಿಲ್ಲ. ಎರಡು ತೋಟದವರಿಂದ 40,000 ರೂಪಾಯಿ ಮುಂಗಡ ತಗೊಂಡಿದ್ದೆ. ಮಗಳ ಕಾಲೇಜಿನ ಫೀಸಿಗೆ, ಮಾಡಿನ ಶೀಟಿಗೆ ಅದು ಖರ್ಚಾಗಿತ್ತು. ಕೊಯ್ಲು ಮುಂದೂಡುವ ಹಾಗೂ ಇಲ್ಲ. ಕೆಂಪಡಿಕೆ ಮಾಡುವವರಿಗೆ ಕಾಯಿ ಹದವಾಗಿದ್ದಾಗಲೇ ಬೇಕು. ಹತ್ತು ದಿನ ತಡವಾದರೆ ಹಣ್ಣಾಗುತ್ತದೆ, ಹಣ್ಣಾದರೆ ಕಡಿಮೆ ಬೆಲೆಯ ಗೋಟಡಿಕೆ, ಯಜಮಾನರಿಗೆ ನಷ್ಟ. ತೀರ್ಥಹಳ್ಳಿ, ಹೊಸನಗರ, ಸಾಗರ ಎಲ್ಲ ಕಡೆ ಕೊನೆಗೌಡರಿಗೆ ಬರ. ನಮ್ಮ ಹುಡುಗರು ಬೆಂಗಳೂರು ಸೇರಿದ್ದಾರೆ. ಮರ ಹತ್ತಿದರೆ ನನಗೆ ದಿನಕ್ಕೆ 1,500, ಕೆಳಗೆ ಕೆಲಸ ಮಾಡಿದರೆ 500. ಮಾತ್ರೆ ತಗೊಳ್ಳುತ್ತಾ ಇದ್ದೇನಲ್ಲ, ಇನ್ನೇನು ಬರುತ್ತದೆ ಅಂತ ಲೆಕ್ಕ ಹಾಕಿದೆ. ಮಾರನೇ ದಿನ ಬೆಳಗ್ಗೆ ತೋಟಕ್ಕೆ ಹೋದೆ.

ನವೆಂಬರ್ 17ಕ್ಕೆ ರಾಷ್ಟ್ರೀಯ ಅಪಸ್ಮಾರ ದಿನ, ಅಂದರೆ ಮೂರ್ಛೆರೋಗದ ದಿನ ಅಂತ ಮಗಳು ಆಮೇಲೆ ಮೊಬೈಲಿನಲ್ಲಿ ತೋರಿಸಿದಳು. ಆ ದಿನ ನಾನು 50 ಅಡಿ ಮೇಲೆ ಇದ್ದೆ.

ಕೊನೆ ತೆಗೆಯುವುದು ಹೇಗೆ ಅಂತ ನೋಡದವರಿಗೆ ಒಂದು ಮಾತು. ಒಂದೊಂದು ಮರ ಹತ್ತಿ ಇಳಿಯುತ್ತಾ ಕೂತರೆ ದಿನ ಸಾಲದು. ಕಾಲಿಗೆ ಹಗ್ಗದ ತಳೆ ಹಾಕಿ ಒಂದು ಮರ ಹತ್ತುತ್ತೇವೆ. ಕೊನೆ ಕೊಯ್ದು ಹಗ್ಗದ ಮೇಲೆ ಜಾರಿಸಿ ಬಿಡುತ್ತೇವೆ, ಹಗ್ಗದ ತುದಿ ಹಿಡಿದು ಕೆಳಗೊಬ್ಬ ನಿಂತಿರುತ್ತಾನೆ. ಆಮೇಲೆ ಮರ ತೂಗಿ ಪಕ್ಕದ ಮರ ಹಿಡಿದು ದಾಟುತ್ತೇವೆ. ದಾಟುವಾಗ ಒಂದು ಗಳಿಗೆ ಒಂದು ಕೈ ಈ ಮರದಲ್ಲಿ, ಇನ್ನೊಂದು ಕೈ ಆ ಮರದಲ್ಲಿ. ಕತ್ತಿ ಸೊಂಟದಲ್ಲಿ. ನನ್ನ ಹಗ್ಗ ಹಿಡಿಯುತ್ತಿದ್ದವನು ತಮ್ಮನ ಮಗ, 19ರ ಹುಡುಗ.

19ನೇ ದಿನ ಬೆಳಗ್ಗೆ ಹತ್ತೂವರೆ ಇರಬಹುದು. ಇನ್ನೇನು ದಾಟಬೇಕು, ಎಡಗೈ ಹೆಬ್ಬೆರಳು ತಾನಾಗಿ ಕುಣಿಯಲು ಶುರುವಾಯಿತು. ನಾನು ಕುಣಿಸುತ್ತಿಲ್ಲ, ಅದೇ ಕುಣಿಯುತ್ತಿದೆ. ನೋಡುತ್ತಾ ಇದ್ದೇನೆ, ನನ್ನದಲ್ಲವೇನೋ ಅನ್ನುವ ಹಾಗೆ. ಬೆರಳಿಂದ ಮುಂಗೈಗೆ ಹತ್ತಿತು. ಬಲಗೈಯಲ್ಲಿ ಮರ ತಬ್ಬಿಕೊಂಡೆ, ಕೆನ್ನೆ ಮರಕ್ಕೆ ಒತ್ತಿದೆ, ಕಾಲಿನ ತಳೆ ಬಿಗಿ ಮಾಡಿದೆ. ಕೆಳಗಿಂದ ಹುಡುಗ, ‘ದೊಡ್ಡಪ್ಪಾ, ಯಾಕೆ ಸುಮ್ನಾದ್ರಿ? ದಾಟಿ’ ಅಂದ. ಬಾಯಿ ಬರಲಿಲ್ಲ. ಎಷ್ಟು ಹೊತ್ತೋ, ಒಂದು ನಿಮಿಷವೋ ಎರಡೋ. ನಿಂತಿತು. ಪೂರ್ತಿ ಎಚ್ಚರ ತಪ್ಪಲಿಲ್ಲ. ಇಳಿದು ಬಂದೆ. ಇಳಿದ ಮೇಲೆ ನನಗೆ ನಡುಕ ಬಂದಿದ್ದು ನಾನು ಸಾಯುತ್ತಿದ್ದೆ ಅಂತಲ್ಲ. ಆ ಹುಡುಗ ನೇರ ನನ್ನ ಕೆಳಗೆ ನಿಂತಿದ್ದ. ನಾನು ಬಿದ್ದಿದ್ದರೆ ಕತ್ತಿ ಸಮೇತ ಅವನ ಮೇಲೆ ಬೀಳುತ್ತಿದ್ದೆ. ಅವನಿಗೆ ಏನೂ ಗೊತ್ತಿರಲಿಲ್ಲ. 19 ದಿನ ನಾನು ಅವನ ಜೀವವನ್ನೂ ಮೇಲೆ ಹೊತ್ತುಕೊಂಡು ಹತ್ತಿದ್ದೆ, ಅವನನ್ನು ಒಂದು ಮಾತೂ ಕೇಳದೆ. ಇದು ನನ್ನ ತಪ್ಪು. ಇದಕ್ಕೆ ಬಡತನ, ಮುಂಗಡ ಅಂತ ಏನು ನೆವ ಹೇಳಿದರೂ ತಪ್ಪೇ.

ಆ ಮಧ್ಯಾಹ್ನವೇ ಯಜಮಾನರ ಜಗಲಿಗೆ ಹೋಗಿ ಹೇಳಿದೆ. ಅವರು ಒಳ್ಳೆಯವರು. ಕಾಫಿ ಕೊಟ್ಟರು. ‘ಮುಂಗಡ ಹಾಗೇ ಇರಲಿ ಮಾರಾಯ, ನಿಧಾನಕ್ಕೆ ಕೊಡು’ ಅಂದರು. ಆಮೇಲೆ, ‘ಆದ್ರೆ ಇನ್ಮೇಲೆ ತೋಟಕ್ಕೆ ಬರಬೇಡ. ಹೆಚ್ಚುಕಮ್ಮಿ ಆದ್ರೆ ನಾಳೆ ನಮ್ಮ ಮೇಲೆ ಕೇಸಾಗುತ್ತೆ’ ಅಂದರು. ಮರ ಹತ್ತಬೇಡ ಅನ್ನಲಿಲ್ಲ. ತೋಟಕ್ಕೇ ಬರಬೇಡ ಅಂದರು. ಈ ಎರಡಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ. ನಮ್ಮ ಊರಲ್ಲಿ ಸುದ್ದಿಗೆ ಬಸ್ಸು ಬೇಕಿಲ್ಲ. ವಾರದೊಳಗೆ ಉಳಿದ ಮೂರು ತೋಟದವರ ಫೋನೂ ನಿಂತಿತು. ಸುಲಿಯುವ ಮನೆಯಲ್ಲಿ ಕೂರುತ್ತೇನೆ ಅಂದೆ, ಹೆಂಗಸರು ಹೆದರುತ್ತಾರೆ ಅಂದರು. ಒಬ್ಬರು ಇದು ಅಂಟುತ್ತದೆಯಾ ಅಂತ ನೇರ ಕೇಳಿದರು. ಕೇಳಿದ್ದೇ ಒಳ್ಳೆಯದಾಯಿತು, ಇಲ್ಲ ಅಂತ ಹೇಳಲು ಅವಕಾಶ ಸಿಕ್ಕಿತು. ಉಳಿದವರು ಕೇಳದೆಯೇ ಲೋಟ ಬೇರೆ ಇಟ್ಟರು.

ಈಗ ಯೋಚನೆ ಮಾಡಿ. ನಾನು ಸುಮ್ಮನಿದ್ದ 19 ದಿನ ದಿನಕ್ಕೆ 1,500 ಬಂತು. ಹೇಳಿದ ದಿನದಿಂದ ಸೊನ್ನೆ. ನನ್ನ ಹಾಗೆ ಇನ್ನೊಬ್ಬ ಕೊನೆಗೌಡನಿಗೆ ಇವತ್ತು ಫಿಟ್ಸ್ ಬಂದರೆ ಅವನು ನನ್ನನ್ನು ನೋಡಿ ಏನು ಕಲಿಯುತ್ತಾನೆ? ಬಾಯಿ ಮುಚ್ಚಿಕೊಂಡು ಹತ್ತುವುದನ್ನು. ಕೆಳಗೆ ಹಗ್ಗ ಹಿಡಿದವನಿಗೂ ಹೇಳದೆ. ಮುಂಗಾರು ಶುರುವಾಗಿದೆ, ಕೊಳೆ ರೋಗ ಬರುವ ಮೊದಲು ಔಷಧಿ ಹೊಡೆಯಲು ಎಲ್ಲರೂ ಹತ್ತುತ್ತಿದ್ದಾರೆ. ಜಾರುವ ಮರ, ಜಿಟಿಜಿಟಿ ಮಳೆ. ಅದಕ್ಕೇ ಈ ಪತ್ರ ಈಗ ಬರೆದಿದ್ದು.

ನಾನು ಪರಿಹಾರ ಕೇಳುತ್ತಿಲ್ಲ. ಕೇಳಿದರೂ ಯಾವ ಲೆಕ್ಕದಲ್ಲಿ ಕೊಡುತ್ತೀರಿ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಹೇಳಿದ್ದಾರೆ, ಮೂರ್ಛೆರೋಗ ಅಂತ ಹೆಸರು ಹಿಡಿದು ಹೇಳಿಲ್ಲ. ಅದೇ ಕಾಯ್ದೆಯ 20ನೇ ಸೆಕ್ಷನ್ ಓದಿ ಮಗಳು ನನಗೆ ಹೇಳಿದಳು. ಸರ್ಕಾರಿ ನೌಕರನಿಗೆ ಕೆಲಸದಲ್ಲಿದ್ದಾಗ ಅಂಗವೈಕಲ್ಯ ಬಂದರೆ ಅವನನ್ನು ತೆಗೆಯುವ ಹಾಗಿಲ್ಲ, ಅದೇ ಸಂಬಳಕ್ಕೆ ಬೇರೆ ಹುದ್ದೆಗೆ ಹಾಕಬೇಕು. ಒಳ್ಳೆ ಕಾನೂನು. ಆದರೆ ಮರ ಹತ್ತುವವನಿಗೆ ಬೇರೆ ಹುದ್ದೆ ಕೊಡುವ ಸಾಹೇಬರು ಯಾರು? ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ, ಅದು ಬಿದ್ದವರಿಗೆ. ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾದಲ್ಲಿ 2 ಲಕ್ಷ ಇದೆ, ಅದು ಅಪಘಾತದಲ್ಲಿ ಸತ್ತವರ ಮನೆಯವರಿಗೆ, ಇಲ್ಲವೇ ಪೂರ್ತಿ ಅಂಗವಿಕಲರಾದವರಿಗೆ. ಬೀಳಬಾರದು ಅಂತ ತಾನಾಗಿ ಇಳಿದು ಬಂದ ನನಗೆ ಸಿಕ್ಕಿದ್ದು ಒಂದು ಲೋಟ ಕಾಫಿ.

ಯಜಮಾನರೇ, ಈಗ ನಿಮಗೆ. ನನ್ನ ಕಾಲಿಗೆ ಮಾತ್ರ ಕೂಲಿ ಕೊಡುತ್ತಿದ್ದಿರಾ? ಯಾವ ಕೊನೆ ಈ ವಾರ, ಯಾವುದು ಮುಂದಿನ ಕೊಯ್ಲಿಗೆ ಅಂತ ಕೆಳಗೆ ನಿಂತು ಬಣ್ಣ ನೋಡಿ ಹೇಳಬಲ್ಲೆ. ಕೊಳೆ ಎಲ್ಲಿ ಶುರುವಾಗಿದೆ, ಎಲೆಚುಕ್ಕಿ ಯಾವ ಸಾಲಿಗೆ ಹಬ್ಬಿದೆ ಅಂತ ಹೇಳಬಲ್ಲೆ. ಬೋರ್ಡೋ ಕಲಸುವುದು ಪೂರ್ತಿ ನೆಲದ ಕೆಲಸ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅಂತ ಎಲ್ಲರಿಗೂ ಗೊತ್ತು. ಆದರೆ ಸುಣ್ಣ ಹಳೇದಾಗಿದ್ದರೆ ಆ ಲೆಕ್ಕ ನಡೆಯಲ್ಲ. ಕತ್ತಿ ಅದ್ದಿ ನೋಡಬೇಕು, ಅಲಗು ಕೆಂಪಗಾದರೆ ಇನ್ನೂ ಸುಣ್ಣ ಬೇಕು. ಅದನ್ನು ನೋಡದೆ ಹೊಡೆದು ಎಳೆಗಾಯಿ ಸುಟ್ಟುಕೊಂಡವರು ನಿಮ್ಮಲ್ಲೇ ಇದ್ದಾರೆ. ಫಿಟ್ಸ್ ಬಂದವನಿಗೆ ಇದೆಲ್ಲ ಮರೆತು ಹೋಗಲ್ಲ.

ಹಾಗಂತ ನೆಲದ ಮೇಲಿನ ಎಲ್ಲ ಕೆಲಸವೂ ನನಗೆ ಆಗಲ್ಲ. ಇದನ್ನೂ ಸರಿಯಾಗಿ ಹೇಳಬೇಕು. ಅಡಿಕೆ ಬೇಯಿಸುವ ಹಂಡೆಯ ಹತ್ತಿರ ನನ್ನನ್ನು ಒಬ್ಬನೇ ಬಿಡಬೇಡಿ. ಸುಲಿಯುವ ಮೆಷಿನ್ನಿನ ಬೆಲ್ಟಿನ ಹತ್ತಿರ ಬೇಡ. ಮೆಟ್ಟುಗತ್ತಿ ಬೇಡ. ಪಂಪ್ ಹಾಕಲು ಕೆರೆ ದಂಡೆಗೆ ಕಳಿಸಬೇಡಿ. ಒಣಗಿಸುವುದು, ಆರಿಸುವುದು, ತೂಕ, ಲೆಕ್ಕ, ಸಸಿ, ಗೊಬ್ಬರ, ಇದೆಲ್ಲ ಆಗುತ್ತದೆ. ರಾತ್ರಿ ಪಾಳಿ ಬೇಡ, ನಿದ್ದೆಗೆಟ್ಟರೆ ನನಗೆ ಅದೇ ಅಪಾಯ. ನಿಮ್ಮ ಹೆದರಿಕೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಎಲ್ಲಿ ಹೆದರಬೇಕು, ಎಲ್ಲಿ ಬೇಡ ಅಂತ ಕೂತು ಮಾತಾಡೋಣ ಅನ್ನುತ್ತಿದ್ದೇನೆ.

ದೋಟಿ, ಅಂದರೆ ತುದಿಗೆ ಕತ್ತಿ ಕಟ್ಟಿದ ಉದ್ದ ಕೋಲು, ಇದೆಯಲ್ಲ. ಈಗ ಕಾರ್ಬನ್ ಫೈಬರ್ ದೋಟಿ ಬಂದು ನೆಲದ ಮೇಲೆ ನಿಂತೇ ಕೊನೆ ತೆಗೆಯುತ್ತಾರೆ, ಔಷಧಿಯನ್ನೂ ಹೊಡೆಯುತ್ತಾರೆ. ನಾನೊಂದು ದಿನ ಹಿಡಿದು ನೋಡಿದೆ. ಕುತ್ತಿಗೆ ನೋಯುತ್ತದೆ, ಅಭ್ಯಾಸ ಬೇಕು, ಆದರೆ ಮರ ಗೊತ್ತಿರುವವನಿಗೆ ಬೇಗ ಹತ್ತುತ್ತದೆ. ಕರೆಂಟ್ ಲೈನ್ ಇರುವ ಕಡೆ ಹುಷಾರು, ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ. ನನ್ನಂಥವನಿಗೆ ಲೈನಿಲ್ಲದ ತೋಟ, ಜತೆಗೊಬ್ಬ ಜನ ಇದ್ದರೆ ಸಾಕು. ಅದಕ್ಕೂ ಮೊದಲು ಡಾಕ್ಟರು ಹೂಂ ಅನ್ನಬೇಕು, ಕೇಳಿಯೇ ಹಿಡಿಯುತ್ತೇನೆ. ಆದರೆ ಅದರ ಬೆಲೆ ನನ್ನ ಕೈಗೆ ಎಟಕುವುದಲ್ಲ.

ಜಿಲ್ಲಾಧಿಕಾರಿಗಳೇ, ನಿಮ್ಮಲ್ಲಿ ಕೇಳುವುದು ಇಲ್ಲಿದೆ. ತೋಟಗಾರಿಕೆ ಇಲಾಖೆ ದೋಟಿ ತರಬೇತಿ ಮಾಡುವಾಗ ಕಾಯಿಲೆಯಿಂದ, ವಯಸ್ಸಿನಿಂದ ಮರ ಬಿಟ್ಟವರನ್ನು ಮೊದಲು ಕರೆಯಲಿ. ಪಂಚಾಯಿತಿಗೊಂದು ದೋಟಿ ಇರಲಿ, ಬಾಡಿಗೆಗೆ ಕೊಡಲಿ. ಮುಂಗಾರಿಗೆ ಮೊದಲು ಒಂದು ದಿನ ಕೊನೆಗೌಡರನ್ನೆಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದು ಬಿಪಿ, ಸಕ್ಕರೆ ನೋಡಲಿ, ಎಚ್ಚರ ತಪ್ಪಿದ್ದು ಉಂಟಾ ಅಂತ ಕೇಳಲಿ. ಆದರೆ ಒಂದು ಷರತ್ತು. ಹೌದು ಅಂದವನಿಗೆ ಅವತ್ತೇ ಬೇರೆ ಕೆಲಸದ ದಾರಿ ತೋರಿಸುವ ಹಾಗಿದ್ದರೆ ಮಾತ್ರ ಕೇಳಿ. ಇಲ್ಲದಿದ್ದರೆ ಯಾರೂ ಹೌದು ಅನ್ನಲ್ಲ. ನಾನೂ ಅನ್ನುತ್ತಿರಲಿಲ್ಲ.

ಮಾತ್ರೆಯದು ಇನ್ನೊಂದು ಕಥೆ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ತಿಂಗಳು ಇರುತ್ತದೆ, ಇನ್ನೊಂದು ತಿಂಗಳು ಸ್ಟಾಕಿಲ್ಲ ಅನ್ನುತ್ತಾರೆ. ಮುಂದಿನ ವಾರ ಬನ್ನಿ ಅನ್ನುತ್ತಾರೆ. ಇದು ಜ್ವರದ ಮಾತ್ರೆ ಅಲ್ಲ ಸ್ವಾಮಿ, ಒಂದು ವಾರ ಬಿಟ್ಟರೆ ಮತ್ತೆ ಬೀಳುತ್ತೇನೆ. ಜನೌಷಧಿ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತದೆ, ಆದರೆ ಅಲ್ಲಿಗೆ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತದೆ. ಬೈಕ್ ಮಾರಿದ್ದೇನೆ. ಲೈಸೆನ್ಸ್ ಅರ್ಜಿಯಲ್ಲೇ ಮೂರ್ಛೆ ಉಂಟಾ ಅಂತ ಕೇಳುತ್ತಾರೆ, ಇನ್ನು ಸುಳ್ಳು ಬರೆಯಲಾರೆ. ಹೆಂಡತಿಗೆ ಶಕ್ತಿ ಯೋಜನೆ ಇದೆಯಲ್ಲ ಅಂತ ನೀವು ಅನ್ನಬಹುದು. ನಮ್ಮೂರಿಗೆ ಬರುವುದು ಖಾಸಗಿ ಬಸ್ಸು, ಅದರಲ್ಲಿ ಶಕ್ತಿ ನಡೆಯಲ್ಲ.

ಈ ಜಿಲ್ಲೆಗೆ ಇದು ಆಗದ ಕೆಲಸವೇನಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಕಂಡಾಗಿನಿಂದ ಕಾಡಿಗೆ ಹೋಗುವವರ ಕಷ್ಟ ಇಲಾಖೆಗೆ ಗೊತ್ತಿದೆ. ಆ ಕಾಯಿಲೆ ಹರಡುವ ಉಣುಗು ಹುಳ ಕಚ್ಚದ ಹಾಗೆ ಹಚ್ಚಿಕೊಳ್ಳುವ ಎಣ್ಣೆಯನ್ನು ಆಶಾ ಅಕ್ಕ ನಮ್ಮ ಮನೆ ಬಾಗಿಲಿಗೇ ತಂದು ಕೊಡುತ್ತಾಳೆ. ಅದೇ ಕೈಚೀಲದಲ್ಲಿ ನನ್ನ ಎರಡು ತಿಂಗಳ ಮಾತ್ರೆ ಹಿಡಿಸಲ್ವಾ? ನಿಮ್ಹಾನ್ಸ್ ಜತೆ ಸೇರಿ ಸರ್ಕಾರ 2022ರಲ್ಲಿ ಮೆದುಳಿನ ಆರೋಗ್ಯಕ್ಕೆ ಅಂತ ಕಾರ್ಯಕ್ರಮ ಶುರು ಮಾಡಿದೆ, ಅದರಲ್ಲಿ ಮೂರ್ಛೆರೋಗವೂ ಸೇರಿದೆಯಂತೆ. ಅದು ತೋಟದ ದಣಪೆ ದಾಟಿ ಒಳಗೆ ಬರಲಿ.

ಆಶಾ ಅಕ್ಕನಿಗೆ ಇನ್ನೊಂದು ಮಾತನ್ನೂ ಹೇಳಿ ಕಳಿಸಿ. ಫಿಟ್ಸ್ ಬಂದವನನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆ ಕೆಳಗೆ ಬಟ್ಟೆ ಇಟ್ಟು, ಸುಮ್ನೆ ಪಕ್ಕದಲ್ಲಿ ಕೂತರೆ ಸಾಕು. ಒತ್ತಿ ಹಿಡಿಯುವುದು ಬೇಡ, ಬಾಯಿಗೆ ಏನೂ ಹಾಕುವುದು ಬೇಡ. ಐದು ನಿಮಿಷವಾದರೂ ನಿಲ್ಲದಿದ್ದರೆ 108ಕ್ಕೆ ಫೋನ್. ಚಪ್ಪಲಿ ಕಾಲಲ್ಲೇ ಇರಲಿ. ನನ್ನ ಹಲ್ಲು ಹೋದದ್ದು ಹೋಯಿತು, ಇನ್ನೊಬ್ಬರದು ಉಳಿಯಲಿ.

ಮನೆಯಲ್ಲಿ ಹೇಗಿದ್ದೀರಿ ಅಂತ ಯಾರೂ ಕೇಳಲ್ಲ, ಆದರೂ ಹೇಳುತ್ತೇನೆ. ಬಚ್ಚಲ ಬಾಗಿಲಿಗೆ ಚಿಲಕ ಹಾಕುವುದು ಬಿಟ್ಟಿದ್ದೇನೆ. ಸ್ನಾನ ಮಾಡುವಾಗ ಹಾಡುತ್ತಾ ಇರಬೇಕು, ಹಾಡು ನಿಂತರೆ ಹೆಂಡತಿ ಓಡಿ ಬರುತ್ತಾಳೆ. ನನ್ನ ರಾಗಕ್ಕೆ ಇಷ್ಟು ಬೆಲೆ ಎಂದೂ ಇರಲಿಲ್ಲ. ಮಾತ್ರೆ ಶುರುವಾದ ಮೇಲೆ ಸಿಟ್ಟು ಜಾಸ್ತಿಯಾಯಿತು, ಮಗಳ ಮೇಲೆ ಸುಮ್ಮಸುಮ್ಮನೆ ಕೂಗಾಡಿದೆ. ಕೆಲಸ ಇಲ್ಲದ್ದಕ್ಕೆ ಅಂದುಕೊಂಡಿದ್ದೆ, ಆ ಮಾತ್ರೆಗೆ ಹಾಗೂ ಆಗುವುದುಂಟು ಅಂತ ಡಾಕ್ಟರು ಹೇಳಿದರು. ಎರಡೂ ಇರಬಹುದು. 19ನೇ ದಿನದ ಮೇಲೆ ಆರು ತಿಂಗಳಾಯಿತು, ಮತ್ತೆ ಬಂದಿಲ್ಲ. ಸರಿಯಾಗಿ ಚಿಕಿತ್ಸೆ ಸಿಕ್ಕರೆ 100ಕ್ಕೆ 70 ಜನ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದಂತೆ. ಹಾಗಿದ್ದರೂ ಮರಕ್ಕೆ ವಾಪಸ್ ಹೋಗಲ್ಲ. ಆ ಹುಡುಗನ ಮುಖ ಕಣ್ಣ ಮುಂದೆ ಬರುತ್ತದೆ.

ಹೆಸರು ಹಾಕಿಲ್ಲ. ಇಷ್ಟೆಲ್ಲ ಹೇಳಬೇಕು ಅಂತ ಬರೆದವನೇ ಹೆಸರು ಮುಚ್ಚಿಟ್ಟಿದ್ದಾನೆ ಅಂತ ನಗಬೇಡಿ. ನನಗೇನೂ ಇಲ್ಲ, ಊರಿಗೆಲ್ಲ ಗೊತ್ತು. ಮಗಳಿಗೆ ಗಂಡು ನೋಡುವ ಕಾಲಕ್ಕೆ ಈ ಪತ್ರ ಯಾರಾದರೂ ತೆಗೆದು ತೋರಿಸುತ್ತಾರೆ ಅಂತ ಅವಳ ಅಮ್ಮನಿಗೆ ಹೆದರಿಕೆ. ಹಿಂದೂ ವಿವಾಹ ಕಾಯ್ದೆಯಿಂದ ಮೂರ್ಛೆರೋಗದ ಮಾತನ್ನು 1999ರಲ್ಲೇ ತೆಗೆದು ಹಾಕಿದ್ದಾರೆ ಅಂತ ಮಗಳು ವಾದ ಮಾಡಿದಳು, ಕಾಯಿಲೆ ಇರುವವರೇ ಮದುವೆಯಾಗಬಹುದು, ನಾನು ಬರೀ ಮಗಳು ಅಂದಳು. ಅವಳಮ್ಮ ಒಪ್ಪಲಿಲ್ಲ.

ನನ್ನ ಮಾತ್ರೆ ಬರುವ ಬುಧವಾರಕ್ಕೆ ಮುಗಿಯುತ್ತದೆ. ಮಂಗಳವಾರ ಶಿವಮೊಗ್ಗಕ್ಕೆ ಬರುತ್ತೇನೆ. ಆಸ್ಪತ್ರೆ ಮುಗಿಸಿ ನಿಮ್ಮ ಕಚೇರಿಯ ಹೊರಗೆ ಎರಡು ಗಂಟೆಯವರೆಗೆ ಕೂತಿರುತ್ತೇನೆ, ಒಳಗೆ ಕರೆದರೆ ಹೆಸರು ಹೇಳುತ್ತೇನೆ. ಮೂರೂವರೆಯ ಬಸ್ಸು ತಪ್ಪಿದರೆ ಮನೆ ಮುಟ್ಟುವುದು ರಾತ್ರಿಯಾಗುತ್ತದೆ, ನನಗೆ ನಿದ್ದೆ ಕೆಡಬಾರದು.

ಇಂತಿ,
ಹೊಸನಗರ ತಾಲ್ಲೂಕಿನ ಒಬ್ಬ ಕೊನೆಗೌಡ